ಕಾಲ ಕೆಟ್ಟಿತಾ, ಬದಲಾಯಿತಾ? ಮದುವೆ, ಸಂಗಾತಿ, ಮಕ್ಕಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಹಳೇಬೇರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳು ಓದಿ ಕೆಲಸಕ್ಕೆ ಸೇರಿ ಕೆಲವು ವರ್ಷ ಆಯಿತು. ಈಚೆಗೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದಳು. ಅವಳಿಗೊಬ್ಬ ಸಂಗಾತಿ ಇದ್ದಾನೆ. ಇಬ್ಬರೂ ಒಂದೇ ಮನೆಯಲ್ಲಿ ಇರಬೇಕು ಅಂತ ತೀರ್ಮಾನ ಮಾಡಿದ್ದಾರೆ. ಮದುವೆ ಸದ್ಯಕ್ಕೆ ಬೇಡ. ಮಕ್ಕಳ ಬಗ್ಗೆ ಯೋಚನೆಯೇ ಮಾಡಿಲ್ಲ. ಅಳು ಇಲ್ಲ, ಜಗಳ ಇಲ್ಲ. ಕೆಲಸ ಬದಲಾಯಿಸುವ ವಿಷಯ ಹೇಳುವ ಹಾಗೆ ಹೇಳಿದಳು.

ನನ್ನ ತಾಯಿ "ಕಾಲ ಕೆಟ್ಟಿತು" ಅಂದರು. ನನ್ನ ಹೆಂಡತಿ ಬಾಯೇ ಬಿಡುತ್ತಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಕೂತಿದೆ. ನಮ್ಮ ಯೋಚನೆ ಬದಲಾದ್ದರಿಂದ ಬದುಕು ಬದಲಾಯಿತಾ, ಇಲ್ಲಾ ಬದುಕು ಬದಲಾದ್ದರಿಂದ ಯೋಚನೆ ಬದಲಾಯಿತಾ? ಗಂಡು-ಹೆಣ್ಣಿನ ಸಂಬಂಧ, ಸಂಸಾರ ಇವೆಲ್ಲ ಒಂದು ಕಾಲದಲ್ಲಿ ಎಲ್ಲಾ ಕಡೆ ಒಂದೇ ತರಹ ಇತ್ತಾ? ಮಗಳಿಗೆ ಬೈಯಲೂ ಆಗುತ್ತಿಲ್ಲ, ಒಪ್ಪಲೂ ಆಗುತ್ತಿಲ್ಲ. ತಿಳಿದವರು ಹೇಳಿ. ಮಗಳ ಬಗ್ಗೆ ಹಗುರವಾಗಿ ಯಾರೂ ಬರೆಯಬೇಡಿ, ಅದೊಂದು ವಿನಂತಿ.

ಗಾಳಿಪಟ:
ಹುಡುಗನನ್ನು ಭೇಟಿ ಆದಿರಾ ಸರ್? ಮೊದಲು ಅದು ಮಾಡಿ.

ಕಾಲುದಾರಿ:
ಬದುಕೇ ಮೊದಲು ಬದಲಾಗುವುದು ಸರ್. ಯೋಚನೆ ಅದರ ಹಿಂದೆ ಬರುತ್ತದೆ.

1800ರ ಸುಮಾರಿಗೆ ಜಗತ್ತಿನಲ್ಲಿ ಹುಟ್ಟಿದ 10 ಮಕ್ಕಳಲ್ಲಿ 4 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಮೂರು ಮಕ್ಕಳು ಉಳಿಯಬೇಕಾದರೆ ಐದಾದರೂ ಹೆರಬೇಕು. ಹಾಗಾಗಿ ಹೆಣ್ಣಿನ ಇಡೀ ಯೌವನ ಬಸಿರು, ಬಾಣಂತನದಲ್ಲೇ ಮುಗಿಯುತ್ತಿತ್ತು. ಮದುವೆ ಬೇಗ ಆಗಬೇಕು, ಬಂಜೆತನ ದೊಡ್ಡ ಕಳಂಕ, ಹೆಣ್ಣಿನ ದೇಹಕ್ಕೆ ಮನೆತನವೇ ಯಜಮಾನ ಅನ್ನುವ ನಿಯಮಗಳಿಗೆ ಇಂಥ ಬದುಕೇ ಗಟ್ಟಿ ನೆಲ. ಈಗ 100 ಮಕ್ಕಳಲ್ಲಿ ಸಾಯುವುದು 4ಕ್ಕಿಂತ ಕಡಿಮೆ. ನೆಲ ಹೋಯಿತು, ನಿಯಮ ಮಾತ್ರ ಉಳಿದಿದೆ.

ಇನ್ನೊಂದು, ಗರ್ಭನಿರೋಧಕ ಮಾತ್ರೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆದರೆ ಮದುವೆ ಆಗದವರಿಗೂ ಗರ್ಭನಿರೋಧಕ ಪಡೆಯುವ ಹಕ್ಕಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಲು 1972 ಆಯಿತು. ಆ ಮಾತ್ರೆ ಕೈಗೆ ಬಂದ ಮೇಲೆ ಹುಡುಗಿಯರು ಮದುವೆ ಮುಂದಕ್ಕೆ ಹಾಕಿದರು. ಕಾನೂನು, ವೈದ್ಯಕೀಯದಂಥ ವರ್ಷಗಟ್ಟಲೆ ಓದಬೇಕಾದ ಕೋರ್ಸುಗಳಿಗೆ ಜಾಸ್ತಿ ಸೇರಿದರು. ಇದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಒಬ್ಬರು. ಕಾಮವೂ ಬಸಿರೂ ಬೇರೆ ಬೇರೆ ಆದ ಮೇಲೆ ಮದುವೆ ಯಾಕೆ ಬೇಕು ಅನ್ನುವ ಪ್ರಶ್ನೆ ಏಳದೇ ಇರುತ್ತದಾ?

ನೇರನುಡಿ:
ಕಾಲುದಾರಿ ಅವರೇ, ಎಲ್ಲದಕ್ಕೂ ಮಾತ್ರೆ, ದುಡ್ಡು, ಕಾರ್ಖಾನೆ ಕಾರಣ ಅಂದರೆ ಮನುಷ್ಯನಿಗೆ ಜವಾಬ್ದಾರಿಯೇ ಇಲ್ಲ ಅಂದ ಹಾಗಾಯಿತು. ನನಗೆ ಕಾಣುವುದು ಬೇರೆ. ಸಹನೆ ಕಡಿಮೆ ಆಗಿದೆ. "ನನಗೇನು ಸಿಗುತ್ತದೆ" ಅನ್ನುವುದೇ ಮುಂದೆ ಬಂದಿದೆ. ನಾನು ಮಕ್ಕಳಿಗೆ ಪಾಠ ಹೇಳುವವನು. ಅಪ್ಪ-ಅಮ್ಮ ಬೇರೆಯಾದ ಮಕ್ಕಳು ತರಗತಿಯಲ್ಲಿ ಹೇಗೆ ಕೂತಿರುತ್ತಾರೆ ಅಂತ ದಿನಾ ನೋಡುತ್ತೇನೆ. ಅವರ ಮುಖ ನೋಡಿದವರು ಇದನ್ನು "ಬದಲಾವಣೆ" ಅಂತ ಸಲೀಸಾಗಿ ಹೇಳುವುದಿಲ್ಲ. ಮೊದಲು ಕೂಡು ಕುಟುಂಬದಲ್ಲಿ ಮಗುವಿಗೆ ಹತ್ತು ಕೈ ಇತ್ತು. ಈಗ ಎರಡೂ ಇಲ್ಲ.

ಲೆಕ್ಕದಮೇಷ್ಟ್ರು:
ನೇರನುಡಿ ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ "ಮೊದಲು ಎಲ್ಲರೂ ಕೂಡು ಕುಟುಂಬ" ಅನ್ನುವುದು ಎಲ್ಲಾ ಕಡೆಗೆ ನಿಜವಲ್ಲ. ಇಂಗ್ಲೆಂಡಿನ ಹಳೆಯ ಜನಗಣತಿ ಪಟ್ಟಿಗಳನ್ನು ಪೀಟರ್ ಲ್ಯಾಸ್ಲೆಟ್ ಅನ್ನುವ ಇತಿಹಾಸಕಾರ ಕೂತು ಎಣಿಸಿದರು. ಕಾರ್ಖಾನೆಗಳು ಬರುವ ಮುಂಚೆಯೂ ಅಲ್ಲಿ ಒಂದು ಮನೆಯಲ್ಲಿ ಸರಾಸರಿ 5 ಜನಕ್ಕಿಂತ ಕಡಿಮೆ ಇದ್ದರು. ಅಪ್ಪ, ಅಮ್ಮ, ಮಕ್ಕಳು, ಕೆಲವು ಕಡೆ ಒಬ್ಬ ಆಳು. ಅಷ್ಟೇ.

ಜಾನ್ ಹಾಜ್ನಲ್ ಅನ್ನುವ ಜನಸಂಖ್ಯಾ ತಜ್ಞ 1965ರಲ್ಲಿ ಇನ್ನೊಂದು ವಿಷಯ ತೋರಿಸಿದರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಇಟಲಿಯ ಟ್ರಿಯೆಸ್ಟ್‌ಗೆ ಒಂದು ಗೆರೆ ಎಳೆಯಿರಿ. ಅದರ ಪಶ್ಚಿಮಕ್ಕೆ ನೂರಾರು ವರ್ಷಗಳಿಂದ ಹೆಂಗಸರು ಸರಾಸರಿ ಇಪ್ಪತ್ತರ ದಶಕದ ನಡುವಿನಲ್ಲಿ ಮದುವೆ ಆಗುತ್ತಿದ್ದರು. ಮದುವೆಯೇ ಆಗದೆ ಉಳಿದವರೂ ಗಣನೀಯವಾಗಿ ಇದ್ದರು. ಅಂದರೆ ತಡವಾದ ಮದುವೆ, ಒಂಟಿ ಬಾಳು ಇವು ಈಗಿನ ಮೊಬೈಲ್ ಕಾಲದ ಸೃಷ್ಟಿ ಅಲ್ಲ.

ಇನ್ನು ಸಹನೆ ಹೋಯಿತು, ನೈತಿಕತೆ ಹೋಯಿತು ಅನ್ನುವುದಕ್ಕೆ: ಅಮೆರಿಕದಲ್ಲಿ ಡೈವೋರ್ಸ್ ಪ್ರಮಾಣ 1980ರ ಆಸುಪಾಸಿನಲ್ಲಿ ತುದಿ ಮುಟ್ಟಿ ಆಮೇಲೆ ಇಳಿದಿದೆ. ಹದಿಹರೆಯದ ಹುಡುಗಿಯರು ಹೆರುವುದು 1991ರಲ್ಲಿ 1000ಕ್ಕೆ 60ಕ್ಕಿಂತ ಜಾಸ್ತಿ ಇದ್ದದ್ದು 2023ರಲ್ಲಿ ಸುಮಾರು 13ಕ್ಕೆ ಬಂದಿದೆ.

ಕಡಲಹಕ್ಕಿ:
ಹಳೇಬೇರು ಸರ್, ಎಲ್ಲಾ ಕಡೆ ಒಂದೇ ತರಹ ಇತ್ತಾ ಅಂತ ಕೇಳಿದ್ದಿರಿ. ಇಲ್ಲ. ಚೀನಾದ ಯುನ್ನಾನ್ ಕಡೆ ಮೊಸುವೊ ಅನ್ನುವ ಜನ ಇದ್ದಾರೆ. ಅಲ್ಲಿ ಗಂಡಸು ರಾತ್ರಿ ಹೆಣ್ಣಿನ ಮನೆಗೆ ಬರುತ್ತಾನೆ, ಬೆಳಿಗ್ಗೆ ತನ್ನ ತಾಯಿಯ ಮನೆಗೆ ಹೋಗುತ್ತಾನೆ. ಮಕ್ಕಳು ತಾಯಿಯ ಮನೆಯವರು. ಬೆಳೆಸುವುದು ಸೋದರಮಾವಂದಿರು. ಅಪ್ಪ ಮನೆಯಲ್ಲಿ ಇಲ್ಲ ಅಂತ ಮಗು ಅನಾಥ ಅನ್ನಿಸಿಕೊಳ್ಳುವುದಿಲ್ಲ. ಪ್ರವಾಸಿಗರು, ದುಡ್ಡು ಬಂದ ಮೇಲೆ ಅಲ್ಲೂ ಈಗ ಗಂಡ-ಹೆಂಡತಿ ಒಂದೇ ಮನೆ ಮಾಡುವುದು ಜಾಸ್ತಿ ಆಗುತ್ತಿದೆ. ನೋಡಿ, ಅಲ್ಲಿನ ಹಿರಿಯರಿಗೆ "ಕಾಲ ಕೆಟ್ಟಿತು" ಅನ್ನಿಸುವುದು ಮದುವೆಯಿಂದಲೇ ಇರಬಹುದು!

ಸಂಜೆಗಾಳಿ:
ನೇರನುಡಿ ಅಣ್ಣಾ, "ಸಹನೆ" ಅಂದಿರಲ್ಲ, ಅದು ಯಾರ ಸಹನೆ ಅಂತ ಸ್ವಲ್ಪ ಕೇಳಿಕೊಳ್ಳಿ.

ನಮ್ಮಮ್ಮ ಮೂವತ್ತು ವರ್ಷಕ್ಕೂ ಜಾಸ್ತಿ ಸಹಿಸಿದರು. ಅಪ್ಪ ಹೊಡೆಯುತ್ತಿರಲಿಲ್ಲ. ಮಾತಾಡುತ್ತಲೇ ಇರಲಿಲ್ಲ, ಅಷ್ಟೇ. ತಿಂಗಳುಗಟ್ಟಲೆ. ಅಮ್ಮನ ಹೆಸರಲ್ಲಿ ಒಂದು ಬ್ಯಾಂಕ್ ಪಾಸ್‌ಬುಕ್ ಕೂಡ ಇರಲಿಲ್ಲ. ಎಲ್ಲಿಗೆ ಹೋಗಬೇಕು? ನೋಡಿದವರೆಲ್ಲ "ಎಷ್ಟು ಒಳ್ಳೆಯ ಸಂಸಾರ" ಅನ್ನುತ್ತಿದ್ದರು. ಆ ಮನೆಯಲ್ಲಿ ಬೆಳೆದ ಮಗು ನಾನು. ತರಗತಿಯಲ್ಲಿ ನನ್ನ ಮುಖವೂ ಹಾಗೇ ಇರುತ್ತಿತ್ತು. ಯಾವ ಮೇಷ್ಟ್ರೂ ಗಮನಿಸಲಿಲ್ಲ, ಯಾಕೆಂದರೆ ನನ್ನ ಅಪ್ಪ-ಅಮ್ಮ ಬೇರೆ ಆಗಿರಲಿಲ್ಲ.

ಇದು ಹಿಂದುಳಿದ ಜಾಗಗಳ ಕಥೆ ಅಂದುಕೊಳ್ಳಬೇಡಿ. ಫ್ರಾನ್ಸ್‌ನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಕೆಲಸಕ್ಕೆ ಸೇರಲು, ಖಾತೆ ತೆರೆಯಲು ಆಗಿದ್ದು 1965ರಲ್ಲಿ. ಪಶ್ಚಿಮ ಜರ್ಮನಿಯ ಕಾನೂನಿನಲ್ಲಿ 1977ರವರೆಗೆ ಮನೆಕೆಲಸಕ್ಕೆ ಅಡ್ಡಿ ಬರದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದಿತ್ತು.

ಗಾಳಿಪಟ:
ಫ್ರಾನ್ಸ್? 1965? ನಿಜವಾಗ್ಲೂ?

ಲೆಕ್ಕದಮೇಷ್ಟ್ರು:
ನಿಜ. ಸ್ವಿಟ್ಜರ್ಲೆಂಡ್ ಇನ್ನೂ ತಡ. ಅಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದೇ 1971ರಲ್ಲಿ. ಗಂಡನೇ ಮನೆಯ ಯಜಮಾನ ಅನ್ನುವ ಕಾನೂನು ಹೋಗಿದ್ದು 1988ರಲ್ಲಿ.

ನೇರನುಡಿ:
ಸಂಜೆಗಾಳಿ ಅವರೇ, ನಿಮ್ಮ ತಾಯಿಯ ವಿಷಯ ಓದಿ ಸಂಕಟ ಆಯಿತು. ಅಂಥ ಸಂಸಾರ ಉಳಿಯಲೇಬೇಕು ಅಂತ ನಾನು ಹೇಳುತ್ತಿಲ್ಲ. ಹೊರಗೆ ಬರುವ ಬಾಗಿಲು ಇರಲಿ. ಆದರೆ ಬಾಗಿಲು ತೆರೆದಿದೆ ಅಂತ ಸಣ್ಣ ಮಾತಿಗೂ ಎದ್ದು ಹೋಗುವ ಹಾಗಾದರೆ? ಬೇರೆಯಾಗುವುದು ಸುಲಭ ಆದಷ್ಟೂ ಒಟ್ಟಿಗೆ ಇರುವ ಪ್ರಯತ್ನ ಕಡಿಮೆ ಆಗುತ್ತದೆ. ಇದನ್ನು ಒಪ್ಪುತ್ತೀರಾ ಇಲ್ಲವಾ?

ಕಾಲುದಾರಿ:
ಪೂರ್ತಿ ಒಪ್ಪಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ, ಯಾರದೂ ತಪ್ಪು ಅಂತ ಸಾಬೀತು ಮಾಡದೆಯೇ ಡೈವೋರ್ಸ್ ಪಡೆಯುವ ಕಾನೂನು ಬಂತು. ಆಮೇಲೆ ಬೇರೆ ರಾಜ್ಯಗಳೂ ಒಂದೊಂದಾಗಿ ತಂದವು. ಬೆಟ್ಸಿ ಸ್ಟೀವನ್ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಕಾನೂನು ಬಂದ ರಾಜ್ಯ, ಬರದ ರಾಜ್ಯ ಹೋಲಿಸಿ ನೋಡಿದರು. ಬಂದ ಕಡೆ ಹೆಂಗಸರ ಆತ್ಮಹತ್ಯೆ ಕಡಿಮೆ ಆಗಿತ್ತು. ಮನೆಯೊಳಗಿನ ಹೊಡೆತವೂ ಕಡಿಮೆ ಆಗಿತ್ತು. ಹೆಂಡತಿ ಎದ್ದು ಹೋಗಬಹುದು ಅಂತ ಗೊತ್ತಿದ್ದರೆ ಗಂಡ ಕೈ ಎತ್ತುವ ಮುಂಚೆ ಯೋಚನೆ ಮಾಡುತ್ತಾನೆ. ಅದೂ ಒಟ್ಟಿಗೆ ಇರುವ ಪ್ರಯತ್ನವೇ ಅಲ್ವಾ?

ನೇರನುಡಿ:
ಅದು ಹೆದರಿಕೆ, ಪ್ರಯತ್ನ ಅಲ್ಲ. ಆದರೂ ಹೊಡೆತ ಕಡಿಮೆ ಆಯಿತು ಅಂದರೆ ಒಳ್ಳೆಯದೇ, ಅದನ್ನು ಅಲ್ಲಗಳೆಯಲ್ಲ. ನನ್ನ ಮುಖ್ಯ ಚಿಂತೆ ಬೇರೆ. ದಕ್ಷಿಣ ಕೊರಿಯಾ ನೋಡಿ. 2023ರಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು. ಜನಸಂಖ್ಯೆ ಉಳಿಯಲು ಬೇಕಾದ್ದು 2.1. ಯಾರಿಗೂ ಯಾರೂ ಬೇಡ ಅನ್ನುವ ಸ್ಥಿತಿಗೆ ಬಂದಿದ್ದಾರೆ. ಸ್ವಾತಂತ್ರ್ಯ ಜಾಸ್ತಿ ಆಗಿದ್ದರ ಫಲ ಇದೇ ತಾನೇ?

ಸಂಜೆಗಾಳಿ:
ಕೊರಿಯಾದಲ್ಲಿ ಸ್ವಾತಂತ್ರ್ಯ ಜಾಸ್ತಿ ಆಯಿತಾ? ಮನೆಗೆ ಗಂಡಸೇ ಯಜಮಾನ ಅನ್ನುವ ನೋಂದಣಿ ಪದ್ಧತಿ ಅಲ್ಲಿ 2008ರವರೆಗೆ ಇತ್ತು. ಮದುವೆಯಾಚೆಗಿನ ಸಂಬಂಧ 2015ರವರೆಗೆ ಜೈಲು ಶಿಕ್ಷೆಯ ಅಪರಾಧ ಆಗಿತ್ತು. ಮದುವೆ ಇಲ್ಲದೆ ಹುಟ್ಟುವ ಮಕ್ಕಳು ಈಗಲೂ ನೂರಕ್ಕೆ ಐದರ ಆಸುಪಾಸು ಮಾತ್ರ. ಅಲ್ಲಿನ ಹುಡುಗಿಯರಿಗೆ ಹೊರಗೆ ಹೊಸ ಕಾಲ, ಮನೆ ಒಳಗೆ ಹಳೇ ಕಾಲ. ಗಂಡನಷ್ಟೇ ದುಡಿಯಬೇಕು. ಮನೆಗೆ ಬಂದ ಮೇಲೆ ಅಡುಗೆ, ಮಗು, ಅತ್ತೆ-ಮಾವ ಎಲ್ಲಾ ಅವಳದೇ. ಅಂಥ ಮದುವೆ ಬೇಡ ಅನ್ನುತ್ತಿದ್ದಾರೆ. ನಾನಾಗಿದ್ದರೂ ಬೇಡ ಅನ್ನುತ್ತಿದ್ದೆ. ಫ್ರಾನ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮದುವೆ ಇಲ್ಲದೆಯೇ ಹುಟ್ಟುತ್ತಾರೆ. ಅಲ್ಲಿ ಕೊರಿಯಾಕ್ಕಿಂತ ಎಷ್ಟೋ ಜಾಸ್ತಿ ಮಕ್ಕಳು!

ಲೆಕ್ಕದಮೇಷ್ಟ್ರು:
ಇಲ್ಲಿ ಒಂದು ತಿದ್ದುಪಡಿ ಬೇಕು ಮೇಡಂ. ಗಂಡು-ಹೆಣ್ಣು ಸಮಾನ ಆದರೆ ಮಕ್ಕಳು ಜಾಸ್ತಿ ಆಗುತ್ತವೆ ಅಂತ ಸೀದಾ ಹೇಳಲು ಬರುವುದಿಲ್ಲ. ಫಿನ್ಲೆಂಡ್‌ನಲ್ಲಿ ಹೆರಿಗೆ ರಜೆ, ಅಪ್ಪನಿಗೆ ರಜೆ, ಶಿಶುವಿಹಾರ ಎಲ್ಲಾ ಇದೆ. ಅಲ್ಲೂ 2023ರಲ್ಲಿ ಒಬ್ಬ ಹೆಣ್ಣಿಗೆ ಮಕ್ಕಳ ಸರಾಸರಿ 1.26ಕ್ಕೆ ಇಳಿದಿದೆ. ಮನೆಕೆಲಸ ಹಂಚಿಕೊಳ್ಳದಿದ್ದರೆ ಹುಡುಗಿಯರು ಮದುವೆಯಿಂದ ದೂರ ಸರಿಯುತ್ತಾರೆ ಅನ್ನುವುದು ಸರಿ. ಹಂಚಿಕೊಂಡರೆ ತೊಟ್ಟಿಲು ತುಂಬುತ್ತದೆ ಅನ್ನುವುದಕ್ಕೆ ಖಾತರಿ ಇಲ್ಲ.

ಸಂಜೆಗಾಳಿ:
ತೊಟ್ಟಿಲು ತುಂಬಲಿ ಅಂತ ನಾನು ಹಂಚಿಕೊಳ್ಳಿ ಅನ್ನುತ್ತಿಲ್ಲ. ನ್ಯಾಯ ಅಂತ ಅನ್ನುತ್ತಿದ್ದೇನೆ. ಕೂಲಿ ಇಲ್ಲದ ಮನೆಕೆಲಸ, ಆರೈಕೆ ಕೆಲಸದಲ್ಲಿ ಗಂಡಸಿಗಿಂತ ಹೆಂಗಸು ಮೂರು ಪಟ್ಟು ಜಾಸ್ತಿ ಹೊತ್ತು ಕಳೆಯುತ್ತಾಳೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲೇ ಹೇಳಿದೆ. ಇದು ಇಡೀ ಜಗತ್ತಿನ ಲೆಕ್ಕ.

ಮೌನರಾಗ:
ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ಇಷ್ಟು ಹೊತ್ತು ಎಲ್ಲರೂ ಗಂಡು-ಹೆಣ್ಣು ಅಂತಲೇ ಮಾತಾಡುತ್ತಿದ್ದೀರಿ. ನಾನು ಸಲಿಂಗಿ. ನನ್ನ ಮನೆಯಲ್ಲಿ ಗೊತ್ತಾದಾಗ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ಹುಡುಗಿ ನೋಡಲು ಶುರು ಮಾಡಿದರು. "ಮದುವೆ ಆದರೆ ಸರಿಹೋಗುತ್ತದೆ" ಅನ್ನುವ ಮಾತು ಎಷ್ಟು ಸಲ ಕೇಳಿದೆನೋ. ನಾನು ಒಪ್ಪಲಿಲ್ಲ. ಒಪ್ಪಿದ್ದರೆ ಒಬ್ಬ ಹೆಣ್ಣುಮಗಳು ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡು ಜೀವನ ಪೂರ್ತಿ ಕೊರಗುತ್ತಿದ್ದಳು. ಅಂಥ ಸಂಸಾರಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊರಗಿನಿಂದ ಅವು "ಮುರಿಯದ ಕುಟುಂಬ"ಗಳೇ.

ಇದು ರೋಗ ಅಲ್ಲ ಅಂತ ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ತೀರ್ಮಾನ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಟ್ರಾನ್ಸ್‌ಜೆಂಡರ್ ಜನರನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತರಲು ಇನ್ನೂ ಹೊತ್ತು ಹಿಡಿಯಿತು. ಆ ಬದಲಾವಣೆ ಇರುವ ಹೊಸ ಪಟ್ಟಿಗೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. 1973ರ ಮುಂಚೆಯೂ ನನ್ನಂಥವರು ಇದ್ದರು, ಆಮೇಲೂ ಇದ್ದಾರೆ. ಬದಲಾದದ್ದು ನೋಡುವವರು.

ಕಡಲಹಕ್ಕಿ:
ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮನೆಯವರು ಈಗ ಹೇಗಿದ್ದಾರೆ?

ಮೌನರಾಗ:
ಅಮ್ಮ ಮಾತಾಡುತ್ತಾರೆ. ನನ್ನ ಸಂಗಾತಿಗೆ ಜ್ವರ ಬಂದರೆ ವಿಚಾರಿಸುತ್ತಾರೆ. ಅಪ್ಪ ಇನ್ನೂ ಇಲ್ಲ.

ನೇರನುಡಿ:
ಮೌನರಾಗ ಅವರೇ, ನಿಮ್ಮ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಇಂಥ ವಿಷಯ ಕೋರ್ಟು, ಕಾನೂನಿನಿಂದ ಮೇಲಿನಿಂದ ಹೇರಿದರೆ ಜನರ ಮನಸ್ಸು ಒಪ್ಪುವುದಿಲ್ಲ. ಸಮಾಜ ನಿಧಾನವಾಗಿ ತಾನೇ ಬದಲಾಗಬೇಕು.

ಹಿಂದುಮುಂದು:
ಮೇಲಿನಿಂದ ಹೇರಿದ್ದು ಯಾವುದು ಸರ್? ಸಲಿಂಗ ಸಂಬಂಧಕ್ಕೆ ಶಿಕ್ಷೆ ಕೊಡುವ ಕಾನೂನೇ ಮೇಲಿನಿಂದ ಹೇರಿದ್ದು. ಬ್ರಿಟಿಷರು 1860ರಲ್ಲಿ ಭಾರತೀಯ ದಂಡ ಸಂಹಿತೆಗೆ 377ನೇ ಕಲಂ ಸೇರಿಸಿದರು. ಅದೇ ಮಾದರಿಯನ್ನು ತಮ್ಮ ಬೇರೆ ವಸಾಹತುಗಳಿಗೂ ಹಂಚಿದರು. ಇಂಗ್ಲೆಂಡ್ ತನ್ನ ನೆಲದಲ್ಲಿ 1967ರಲ್ಲಿ ಸಡಿಲ ಮಾಡಿಕೊಂಡಿತು. ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧ ಅಲ್ಲ ಅಂತ ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಸಿಂಗಪುರ ತೆಗೆದದ್ದು 2022ರಲ್ಲಿ. ಎಷ್ಟೋ ದೇಶಗಳಲ್ಲಿ ಇನ್ನೂ ಇದೆ, ಮತ್ತು ಅದನ್ನೇ "ನಮ್ಮ ಸಂಸ್ಕೃತಿ" ಅನ್ನುತ್ತಾರೆ.

ಜನರೇ ಒಪ್ಪಿದ್ದಕ್ಕೆ ಐರ್ಲೆಂಡ್ ನೋಡಿ. ಚರ್ಚಿನ ಮಾತು ಅಷ್ಟು ನಡೆಯುತ್ತಿದ್ದ ದೇಶ. 1995ರಲ್ಲಿ ಡೈವೋರ್ಸ್ ಬೇಕಾ ಅಂತ ಜನರ ಮತ ಕೇಳಿದರು. ಬೇಕು ಅಂದವರು 50.28 ಶೇಕಡ. ಕೂದಲೆಳೆ ಅಂತರ. ಇಪ್ಪತ್ತೇ ವರ್ಷ ಆದ ಮೇಲೆ, 2015ರಲ್ಲಿ, ಸಲಿಂಗ ಮದುವೆಗೆ 62 ಶೇಕಡ ಜನ ಹೌದು ಅಂದರು.

ನೇರನುಡಿ:
ಐರ್ಲೆಂಡ್ ಉದಾಹರಣೆ ನನ್ನ ಮಾತಿಗೇ ಪುಷ್ಟಿ ಕೊಡುತ್ತದೆ. ಜನರನ್ನು ಕೇಳಿದರು, ಜನ ಹೇಳಿದರು.

ಮೌನರಾಗ:
ನನ್ನ ಬದುಕಿಗೆ ಬೇರೆಯವರು ಮತ ಹಾಕಬೇಕು ಅನ್ನುವುದೇ ನನಗೆ ಕಷ್ಟ ಸರ್. ನಿಮ್ಮ ಮದುವೆಗೆ ಯಾರೂ ಮತದಾನ ನಡೆಸಲಿಲ್ಲ.

ಗಾಳಿಪಟ:
ಈ ಮಾತಿಗೆ ಉತ್ತರ ಇಲ್ಲ.

ಹಿಂದುಮುಂದು:
ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಕಾಲುದಾರಿ ಅವರ ಮಾತು ಕೇಳಿದರೆ ಎಲ್ಲವೂ ಒಂದೇ ದಿಕ್ಕಿಗೆ, ಮುಂದಕ್ಕೇ ಹೋಗುತ್ತದೆ ಅನ್ನಿಸುತ್ತದೆ. ಹಾಗಿಲ್ಲ.

ರಷ್ಯಾದಲ್ಲಿ 1917ರ ಕ್ರಾಂತಿ ಆದ ಕೂಡಲೇ ಡೈವೋರ್ಸ್ ಸುಲಭ ಮಾಡಿದರು. ಮದುವೆಯೊಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಅನ್ನುವ ಭೇದ ತೆಗೆದರು. 1920ರಲ್ಲಿ ಗರ್ಭಪಾತಕ್ಕೆ ಅನುಮತಿ ಕೊಟ್ಟರು. ಆಮೇಲೆ ಸ್ಟಾಲಿನ್ ಬಂದ. 1934ರಲ್ಲಿ ಗಂಡಸರ ಸಲಿಂಗ ಸಂಬಂಧ ಮತ್ತೆ ಅಪರಾಧ. 1936ರಲ್ಲಿ ಗರ್ಭಪಾತ ನಿಷೇಧ, ಡೈವೋರ್ಸ್ ಕಷ್ಟ. ಹದಿನಾರು ವರ್ಷದಲ್ಲಿ ಪೂರ್ತಿ ಉಲ್ಟಾ. ಕಾರಣ ಏನು? ದೇಶಕ್ಕೆ ಕೆಲಸಗಾರರು ಬೇಕು, ಸೈನಿಕರು ಬೇಕು. ಹೆಣ್ಣು ಹೆರಬೇಕು.

ರೊಮೇನಿಯಾದ್ದು ಇನ್ನೂ ಕ್ರೂರ. 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಗರ್ಭಪಾತಕ್ಕೆ ನಿಷೇಧ ಹಾಕಿದ. ಗರ್ಭನಿರೋಧಕ ಸಿಗದ ಹಾಗಾಯಿತು. ಮರುವರ್ಷ ಹೆರಿಗೆಗಳು ಹೆಚ್ಚುಕಡಿಮೆ ಎರಡು ಪಟ್ಟಾದವು. ಆಮೇಲೆ ಜನ ಕಳ್ಳದಾರಿ ಹುಡುಕಿಕೊಂಡರು, ಸಂಖ್ಯೆ ಮತ್ತೆ ಇಳಿಯಿತು. ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡು ಸಾವಿರಾರು ಹೆಂಗಸರು ಸತ್ತರು. ಅನಾಥಾಲಯಗಳು ತುಂಬಿಹೋದವು. 1989ರ ಡಿಸೆಂಬರಿನಲ್ಲಿ ಅವನು ಬಿದ್ದ ಕೂಡಲೇ ಮೊದಲು ರದ್ದಾದ ಕಾನೂನುಗಳಲ್ಲಿ ಇದೂ ಒಂದು.

ಇರಾನ್ ಎರಡೂ ಕಡೆ ಓಡಾಡಿದೆ. 1979ರ ಕ್ರಾಂತಿ ಆದ ಮೇಲೆ ಮಕ್ಕಳು ಜಾಸ್ತಿ ಆಗಲಿ ಅಂದರು. 1980ರ ದಶಕದ ಕೊನೆಗೆ ಲೆಕ್ಕ ನೋಡಿ ಗಾಬರಿಯಾಗಿ ಅದೇ ಧರ್ಮಗುರುಗಳ ಸರ್ಕಾರ ಕುಟುಂಬ ಯೋಜನೆ ತಂದಿತು. ಮದುವೆಗೆ ಮುಂಚೆ ಜೋಡಿಗಳು ಗರ್ಭನಿರೋಧದ ಪಾಠ ಕೇಳಬೇಕು ಅಂತ ನಿಯಮ ಮಾಡಿತು. ಒಬ್ಬ ಹೆಣ್ಣಿಗೆ ಆರಕ್ಕಿಂತ ಜಾಸ್ತಿ ಇದ್ದ ಮಕ್ಕಳ ಸರಾಸರಿ ಇಪ್ಪತ್ತೇ ವರ್ಷದೊಳಗೆ ಎರಡರ ಹತ್ತಿರ ಬಂತು. ಈಗ ಮತ್ತೆ ತಿರುಗಿದ್ದಾರೆ. 2021ರ ಕಾನೂನು ಗರ್ಭನಿರೋಧಕಕ್ಕೆ ಕಡಿವಾಣ ಹಾಕಿದೆ.

ಅದಕ್ಕೇ ಹಳೇಬೇರು ಸರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬದುಕೂ ಯೋಚನೆಯೂ ಒಂದನ್ನೊಂದು ತಳ್ಳುತ್ತವೆ. ಇವೆರಡರ ಜೊತೆ ಸರ್ಕಾರ ಅನ್ನುವ ಮೂರನೆಯದು ಇದೆ. ಅದು ಹಾಸಿಗೆಯ ತನಕ ಕೈ ಚಾಚುತ್ತದೆ.

ಕಡಲಹಕ್ಕಿ:
ಸರ್ಕಾರದ ವಿಷಯ ಬಂತು ಅಂತ ಹೇಳುತ್ತೇನೆ. ಜಪಾನ್‌ನಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಅಮೆರಿಕಕ್ಕಿಂತ 39 ವರ್ಷ ತಡ. ಅದೇ ವರ್ಷ, ಅದಕ್ಕಿಂತ ಮುಂಚೆಯೇ, ಗಂಡಸರ ವಯಾಗ್ರಕ್ಕೆ ಒಪ್ಪಿಗೆ ಕೊಟ್ಟರು. ಅರ್ಜಿ ಹಾಕಿ ಸುಮಾರು ಆರು ತಿಂಗಳಲ್ಲಿ! ಹೆಂಗಸರು ಬೀದಿಗಿಳಿಯುವಷ್ಟು ಸಿಟ್ಟಾಗದೆ ಇನ್ನೇನು ಆಗಬೇಕು?

ಗಾಳಿಪಟ:
ಒಂದು ಕೇಳಲಾ? ಈಗಿನ ಹುಡುಗರು ಡೇಟಿಂಗ್ ಆಪ್‌ನಲ್ಲಿ ದಿನಕ್ಕೊಬ್ಬರ ಜೊತೆ ಅಂತೆಲ್ಲಾ ಹೇಳುತ್ತಾರಲ್ಲ, ಅದು ನಿಜಾನಾ? ನನಗಂತೂ ಒಬ್ಬರೂ ಸಿಕ್ಕಿಲ್ಲ.

ಲೆಕ್ಕದಮೇಷ್ಟ್ರು:
ನಿಜಕ್ಕೂ ಉಲ್ಟಾ. ಅಮೆರಿಕ, ಬ್ರಿಟನ್, ಜಪಾನ್ ಮೂರೂ ಕಡೆ ಸಮೀಕ್ಷೆಗಳಲ್ಲಿ ಲೈಂಗಿಕ ಸಂಪರ್ಕ ಕಡಿಮೆ ಆಗಿರುವುದು ಕಂಡಿದೆ. ಆದರೆ ಜೋಡಿ ಕೂಡುವ ದಾರಿ ಬದಲಾಗಿದೆ. 2017ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಜೋಡಿಯಾದ ಗಂಡು-ಹೆಣ್ಣುಗಳಲ್ಲಿ ಸುಮಾರು 39 ಶೇಕಡ ಆನ್‌ಲೈನ್‌ನಲ್ಲಿ ಭೇಟಿಯಾದವರು. ಮನೆಯವರು, ಗೆಳೆಯರು ಪರಿಚಯ ಮಾಡಿಸುವುದು ಇಳಿದಿದೆ. ಹಿರಿಯರ ಕೈಯಿಂದ ಹಿಡಿತ ತಪ್ಪಿತು ಅಂತ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ದಾದಿಯಕ್ಕ:
ನಾನು ಆಸ್ಪತ್ರೆಯಲ್ಲಿ ನರ್ಸ್. ಹೆರಿಗೆ ವಿಭಾಗದಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ನೀವೆಲ್ಲ ದೇಶ, ಇಸವಿ ಹೇಳುತ್ತಿದ್ದೀರಿ. ನಾನು ಕಂಡದ್ದು ಹೇಳುತ್ತೇನೆ.

ಮದುವೆಯಾಗಿ ವರ್ಷಗಳಾದ ಜೋಡಿಗಳು ಮಕ್ಕಳಾಗಲಿಲ್ಲ ಅಂತ ಬರುತ್ತಾರೆ. ಡಾಕ್ಟರು ಕೇಳಿದರೆ ಸರಿಯಾಗಿ ಕೂಡಿಯೇ ಇರುವುದಿಲ್ಲ. ಹುಡುಗಿಗೆ ನೋವು, ಹೆದರಿಕೆ. ಹುಡುಗನಿಗೆ ಹೇಗೆ ಅಂತಲೇ ಗೊತ್ತಿಲ್ಲ, ಗೊತ್ತಿರುವುದು ಮೊಬೈಲಿನಲ್ಲಿ ನೋಡಿದ್ದು. ಇಬ್ಬರೂ ಓದಿದವರೇ. ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಶಾಲೆಯಲ್ಲಿ ಆ ಪಾಠ ಬಂದರೆ "ನೀವೇ ಓದಿಕೊಳ್ಳಿ".

ಇನ್ನೊಂದು, ಯಾರೂ ಮಾತಾಡದ ವಿಷಯ. ಬಾಣಂತಿಗೆ ಹೊಲಿಗೆ ಇನ್ನೂ ಒಣಗಿರುವುದಿಲ್ಲ, ಗಂಡ ಬಿಡುವುದಿಲ್ಲ. ಅವಳು ನಮ್ಮ ಹತ್ತಿರ ಅಳುತ್ತಾಳೆ. "ಬೇಡ ಅನ್ನು" ಅಂದರೆ "ಗಂಡನಿಗೆ ಹೇಗೆ ಬೇಡ ಅನ್ನುವುದು ಸಿಸ್ಟರ್?" ಅನ್ನುತ್ತಾಳೆ. ಮದುವೆಯೊಳಗೂ ಬಲವಂತ ಅಪರಾಧವೇ ಅಂತ ಸ್ವೀಡನ್ 1965ರಲ್ಲಿ ಕಾನೂನು ಮಾಡಿತು. ಇಂಗ್ಲೆಂಡಿನಲ್ಲಿ ಕೋರ್ಟು ಹಾಗೆ ಹೇಳಲು 1991 ಆಯಿತು. ಅಮೆರಿಕದ ಎಲ್ಲಾ ರಾಜ್ಯಗಳಲ್ಲೂ ಆಗಲು 1993. ಭಾರತದಲ್ಲಿ 2023ರ ಹೊಸ ದಂಡ ಸಂಹಿತೆಯಲ್ಲೂ ಗಂಡನಿಗೆ ವಿನಾಯಿತಿ ಇದೆ. ಒಟ್ಟಿಗೆ ಇರುತ್ತೇವೆ, ಮದುವೆ ಆಮೇಲೆ ನೋಡೋಣ ಅನ್ನುವ ಹುಡುಗಿಗೆ ಕನಿಷ್ಠ "ಬೇಡ" ಅನ್ನಲು ಗೊತ್ತಿದೆ. ನನಗೆ ಅದು ದೊಡ್ಡದು.

ನೇರನುಡಿ:
ಸಿಸ್ಟರ್, ಇದನ್ನು ನಾನು ಒಪ್ಪುತ್ತೇನೆ. ಪಾಠ ಬಿಟ್ಟುಬಿಡುವುದನ್ನು ಶಿಕ್ಷಕರ ಕೋಣೆಯಲ್ಲಿ ಕಂಡಿದ್ದೇನೆ. ಮಕ್ಕಳಿಗೆ ಹೇಳಿಕೊಡಬೇಕು. ಆದರೆ ಬರೀ ದೇಹದ ಪಾಠ ಸಾಲದು, ಇನ್ನೊಬ್ಬರ ಬಗ್ಗೆ ಹೊಣೆ ಕೂಡ ಹೇಳಿಕೊಡಬೇಕು.

ದಾದಿಯಕ್ಕ:
ಅದೇ ಸರ್ ಪಾಠ. ಎರಡೂ ಬೇರೆ ಅಲ್ಲ.

ಹಳೇಬೇರು:
ಎಲ್ಲಾ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಒಂದು ವ್ಯಾವಹಾರಿಕ ಪ್ರಶ್ನೆ. ಮದುವೆ ಕಾಗದ ಇಲ್ಲದೆ ಇಬ್ಬರು ಇದ್ದರೆ, ನಾಳೆ ಒಬ್ಬರಿಗೆ ಹುಷಾರು ತಪ್ಪಿದರೆ, ಹೆಚ್ಚುಕಡಿಮೆ ಆದರೆ, ಇನ್ನೊಬ್ಬರಿಗೆ ಏನು ಹಕ್ಕು?

ಹಿಂದುಮುಂದು:
ದೇಶದಿಂದ ದೇಶಕ್ಕೆ ಬೇರೆ ಸರ್. ಫ್ರಾನ್ಸ್ 1999ರಲ್ಲಿ ಮದುವೆಗಿಂತ ಹಗುರವಾದ ಒಂದು ನೋಂದಣಿ ತಂದಿತು. ಸಲಿಂಗಿ ಜೋಡಿಗಳಿಗಾಗಿ ಹೋರಾಡಿ ಪಡೆದದ್ದು, ಈಗ ಅದನ್ನು ಬಳಸುವವರಲ್ಲಿ ಬಹುಪಾಲು ಗಂಡು-ಹೆಣ್ಣು ಜೋಡಿಗಳೇ. ಭಾರತದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಆದರೆ ಆಸ್ತಿ, ವಿಮೆ, ಬ್ಯಾಂಕ್ ವಿಷಯಕ್ಕೆ ಉಯಿಲು, ನಾಮಿನಿ ಮಾಡಿಸಲೇಬೇಕು. ಅವರಿಬ್ಬರೂ ಒಬ್ಬ ವಕೀಲರನ್ನು ನೋಡಲಿ.

ಮೌನರಾಗ:
ನಾವಿಬ್ಬರು ಎಲ್ಲಾ ಕಾಗದ ಮಾಡಿಸಿದ್ದೇವೆ. ಆದರೂ ಆಸ್ಪತ್ರೆಯ ಫಾರ್ಮಿನಲ್ಲಿ "ಸಂಬಂಧ" ಅನ್ನುವ ಜಾಗದಲ್ಲಿ ಪ್ರತಿ ಸಲ ಪೆನ್ನು ನಿಲ್ಲುತ್ತದೆ.

ಬೇಲಿಹೂವು:
ನನ್ನದು ಸ್ವಲ್ಪ ಬೇರೆ ವಿಷಯ, ಆದರೆ ಇಲ್ಲೇ ಕೇಳುತ್ತೇನೆ. ಎಲ್ಲರೂ ಎಳೆಯರ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಅಮ್ಮನಿಗೆ ಅರವತ್ತು ದಾಟಿದೆ. ಅಪ್ಪ ಹೋಗಿ ಕೆಲವು ವರ್ಷ ಆಯಿತು. ಅಮ್ಮನಿಗೆ ಒಬ್ಬರ ಸ್ನೇಹ ಆಗಿದೆ. ಒಟ್ಟಿಗೆ ಇರಬೇಕು ಅಂತ ಆಸೆ. ನನಗೆ ಖುಷಿ. ಅಣ್ಣ ಮಾತ್ರ ಮನೆ ಬಾಗಿಲಿಗೂ ಬರಬೇಡ ಅನ್ನುವಷ್ಟು ಸಿಟ್ಟಾಗಿದ್ದಾನೆ. "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ" ಅನ್ನುತ್ತಾನೆ. ಅವನೇ ಪ್ರೀತಿಸಿ ಮದುವೆ ಆದವನು, ಆಗ ಎಲ್ಲರನ್ನೂ ಎದುರು ಹಾಕಿಕೊಂಡು ಅವನ ಪರ ನಿಂತಿದ್ದು ಇದೇ ಅಮ್ಮ!

ಸಂಜೆಗಾಳಿ:
ಅಯ್ಯೋ, ಇದು ತುಂಬಾ ಕಡೆ ಇದೆ. ಮಕ್ಕಳಿಗೆ ಅಮ್ಮ ಅಂದರೆ ಅಮ್ಮ ಮಾತ್ರ. ಅವಳಿಗೂ ದೇಹ ಇದೆ, ಮನಸ್ಸಿದೆ, ರಾತ್ರಿ ಒಂಟಿತನ ಇದೆ ಅಂತ ಒಪ್ಪಲು ಆಗುವುದಿಲ್ಲ. ಹೆಂಡತಿ ಸತ್ತ ಗಂಡಸಿಗೆ "ನೋಡಿಕೊಳ್ಳಲು ಯಾರಾದರೂ ಬೇಕಲ್ಲ" ಅಂತ ಜನರೇ ಹುಡುಕಿಕೊಡುತ್ತಾರೆ. ಅಮ್ಮನ ಪರ ಗಟ್ಟಿಯಾಗಿ ನಿಲ್ಲಿ.

ನೇರನುಡಿ:
ನಿಮ್ಮ ಅಣ್ಣನ ಸಿಟ್ಟು ಪೂರ್ತಿ ಮರ್ಯಾದೆಯ ವಿಷಯ ಇರಲಿಕ್ಕಿಲ್ಲ. ಮನೆ ಯಾರ ಹೆಸರಲ್ಲಿದೆ?

ಬೇಲಿಹೂವು:
ಅಮ್ಮನ ಹೆಸರಲ್ಲಿ.

ನೇರನುಡಿ:
ಹಾಗಿದ್ದರೆ ಆ ಭಯ ಒಳಗೆ ಇದ್ದೇ ಇರುತ್ತದೆ, ಬಾಯಲ್ಲಿ ಬೇರೆ ಮಾತು ಬರುತ್ತದೆ. ನಿಮ್ಮ ತಾಯಿ ಮೊದಲು ಉಯಿಲು ಬರೆದಿಡಲಿ, ಯಾರಿಗೆ ಏನು ಅಂತ ಅವರ ಇಷ್ಟದಂತೆ. ಆಮೇಲೂ ವಿರೋಧ ಉಳಿದರೆ ಅದರ ಬಗ್ಗೆ ಬೇರೆಯಾಗಿ ಮಾತಾಡಬಹುದು. ತಾಯಿಗೆ ಈ ವಯಸ್ಸಲ್ಲಿ ಜೊತೆ ಸಿಕ್ಕಿದೆ ಅಂದರೆ ನಾನು ಬೇಡ ಅನ್ನುವವನಲ್ಲ.

ಬೇಲಿಹೂವು:
ಸರಿ ಸರ್. ಇವತ್ತೇ ಅಣ್ಣನ ಹತ್ತಿರ ಉಯಿಲಿನ ವಿಷಯ ಎತ್ತುತ್ತೇನೆ.

ದಾದಿಯಕ್ಕ:
ಅಣ್ಣನ ಹತ್ತಿರ ಅಲ್ಲಮ್ಮ. ಮೊದಲು ಅಮ್ಮನ ಹತ್ತಿರ ಕೇಳಿ. ಮನೆ ಅವರದು.